ಚಾಲಕ ಪರಾರಿ

ನನ್ನ ಎಡಗಾಲಿನ ಮೇಲೆ ಲಾರಿ ಹತ್ತಿಸಿದ ಮನುಷ್ಯನನ್ನು ನಾನು ಕೊನೆಯವರೆಗೂ ಮಾವ ಎಂದೇ ಕರೆದೆ. ಇದನ್ನು ಕೇಳಿದವರು ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಇವಳಿಗೆ ತಲೆಗೂ ಪೆಟ್ಟು ಬಿದ್ದಿತ್ತೇನೋ ಎನ್ನುವ ಹಾಗೆ. ತಲೆಗೆ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ನನ್ನ ಕಾಲಿಗೆ ಮತ್ತು ಅವನ ಮಾನಕ್ಕೆ. ಕಾಲು ಒಂದಿಷ್ಟು ಗಿಡ್ಡವಾಗಿ ಕೂಡಿಕೊಂಡಿತು. ಮಾನದ ಕಥೆ ಹೇಳುತ್ತೇನೆ, ಯಾಕೆಂದರೆ ಅದನ್ನು ಮುರಿದವರು ಬೇರೆಯವರು, ಮತ್ತು ಅವರಿಗೆ ತಾವು ಮುರಿದದ್ದು ಗೊತ್ತೂ ಆಗಲಿಲ್ಲ.

ಮಾವ ಸೋಡಾ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ. ಹೋಗುವಾಗ ತುಂಬಿದ ಬಾಟಲಿ, ಬರುವಾಗ ಖಾಲಿ ಬಾಟಲಿ. ಹೊತ್ತದ್ದು ಗಾಜಾದ್ದರಿಂದ ರಸ್ತೆಯಲ್ಲಿ ಗುಂಡಿ ಕಂಡರೆ ಗಾಡಿ ನಿಲ್ಲಿಸಿ, ಇಳಿದು, ಸುತ್ತ ನೋಡಿ, ಆಮೇಲೆ ದಾಟಿಸುವ ಪೈಕಿ. ಬೇರೆ ಡ್ರೈವರುಗಳು ಆ ಲಾರಿಗೆ ‘ಬಸುರಿ ಗಾಡಿ’ ಎಂದು ಹೆಸರಿಟ್ಟಿದ್ದರು. ಅವನ ಹಿಂದೆ ಸಿಕ್ಕಿಕೊಂಡವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಸುಮ್ಮನಾಗುತ್ತಿದ್ದರು. ಉದ್ದನೆಯ ಆಳು, ಕ್ಯಾಬಿನ್ನಿನಲ್ಲಿ ಬಗ್ಗಿ ಕೂತು ಕೂತು ಕತ್ತು ಮುಂದಕ್ಕೆ ಬಾಗಿಬಿಟ್ಟಿತ್ತು. ಕುರ್ಚಿಯಲ್ಲಿ ಕೂತರೂ ಬಲಗಾಲಿನಿಂದ ನೆಲವನ್ನು ಒತ್ತಿ ಹಿಡಿದಿರುತ್ತಿದ್ದ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸ್ಟಿಯರಿಂಗ್ ಬಿಟ್ಟರೆ ಬೇರೆ ಕೆಲಸ ಅವನ ಕೈಗೆ ಹತ್ತಿರಲಿಲ್ಲ.

ಅಂಥವನ ಗಾಡಿಗೇ ನಾನು ಸಿಕ್ಕಿದೆ. ನಾನಾಗ ಎರಡನೇ ಕ್ಲಾಸು. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ನಿಂತಿದ್ದ ನೀರಿನ ಟ್ಯಾಂಕರಿನ ಹಿಂದಿನಿಂದ ರಸ್ತೆಗೆ ನುಗ್ಗಿದೆ. ಮಾವ ಬ್ರೇಕ್ ಒತ್ತಿದ. ಟ್ಯಾಂಕರಿನಿಂದ ಸೋರಿದ ನೀರಿನಲ್ಲಿ ಲಾರಿ ಜಾರಿತು. ನನಗೆ ನೆನಪಿರುವುದು ಬಾಟಲಿಗಳು ಒಟ್ಟಿಗೆ ಒಡೆದ ಸದ್ದು, ಆಮೇಲೆ ಕಿವಿಯ ಹತ್ತಿರವೇ ಒಂದು ದನಿ: ‘ಮಗಾ, ಕಣ್ಣು ಮುಚ್ಬೇಡ. ನಿಮ್ಮ ಟೀಚರ್ ಹೇಗಿದಾರೆ ಹೇಳು. ದಪ್ಪಾನಾ? ಸಣ್ಣಾನಾ?’

ಅವನು ಅಂಗಿ ಬಿಚ್ಚಿ ನನ್ನ ಮೊಣಕಾಲಿನ ಮೇಲ್ಗಡೆ ಬಿಗಿಯಾಗಿ ಕಟ್ಟಿದ್ದ. ನನ್ನನ್ನು ಎತ್ತಿಕೊಂಡು, ಎದುರು ಬಂದ ಆಟೋಗೆ ಅಡ್ಡ ನಿಂತು, ಒಳಗೆ ಕೂತು ಆಸ್ಪತ್ರೆಗೆ ಹೊರಟುಹೋದ. ಅಷ್ಟೂ ನಡೆದದ್ದು ಜನ ಸೇರುವ ಮೊದಲೇ. ಜನ ಸೇರಿದ ಮೇಲೆ ಅವರಿಗೆ ಕಂಡದ್ದು ಲಾರಿ, ಒಡೆದ ಗಾಜು, ರಕ್ತ. ಸಿಟ್ಟು ತೀರಿಸಿಕೊಳ್ಳಲು ಯಾರೂ ಸಿಗದೆ ಲಾರಿಯ ಕನ್ನಡಿ ಒಡೆದರು. ಒಡೆಯದೆ ಉಳಿದಿದ್ದ ಬಾಟಲಿಗಳನ್ನು ಕೆಲವರು ಮನೆಗೂ ಒಯ್ದರು. ಸಿಟ್ಟು ಬಂದಾಗ ಬಾಯಾರಿಕೆಯೂ ಆಗುತ್ತದಲ್ಲ. ಆಮೇಲೆ ಬಂದ ಪೇದೆ ಡ್ರೈವರನ್ನು ಹುಡುಕಿದ. ಡ್ರೈವರ್ ಇರಲಿಲ್ಲ.

ಇಲ್ಲಿಂದ ಮುಂದೆ ಪತ್ರಿಕೆಯವರ ಕೆಲಸ. ನಮ್ಮಲ್ಲಿ ಆಗ ಒಂದು ಸಂಜೆ ಪತ್ರಿಕೆ ಬರುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ವರದಿಗಾರ ಠಾಣೆಗೆ ಫೋನು ಮಾಡುತ್ತಿದ್ದ. ಅಪಘಾತವೆಂದರೆ ಅವನ ಪ್ರಶ್ನೆಗಳು ಯಾವತ್ತೂ ಅವೇ: ‘ಹೋದ್ರಾ, ಉಳಿದ್ರಾ? ಗಾಡಿ ಯಾವ್ದು? ಡ್ರೈವರ್ ಇದಾನಾ?’ ಕೊನೆಯದಕ್ಕೆ ಠಾಣೆಯಿಂದ ‘ಇಲ್ಲ’ ಎಂದು ಬಂದರೆ ಅವನು ‘ಪರಾರಿ’ ಎಂದು ಬರೆದುಕೊಳ್ಳುತ್ತಿದ್ದ. ಎಲ್ಲಿಗೆ ಹೋದ, ಯಾಕೆ ಹೋದ, ಯಾರ ಜೊತೆ ಹೋದ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ದೊಡ್ಡವಳಾದ ಮೇಲೆ ನಾನು ಗ್ರಂಥಾಲಯದಲ್ಲಿ ಕೂತು ಆ ಪತ್ರಿಕೆಯ ಹಳೆಯ ಸಂಪುಟಗಳನ್ನು ಓದಿದ್ದೇನೆ. ಓದಿ ಓದಿ ನನ್ನ ಮೈ ಉರಿದಿದೆ. ಬಸ್ಸಿನ ಚಾಲಕ ಪರಾರಿ, ಟ್ರ್ಯಾಕ್ಟರಿನ ಚಾಲಕ ಪರಾರಿ. ಒಂದು ಕಡೆಯಂತೂ ಗಾಡಿ ಕೆರೆಗೆ ಬಿದ್ದಿದೆ, ಚಾಲಕ ಪರಾರಿ. ಮಾರನೆಯ ದಿನ ಅವನ ಹೆಣ ತೇಲಿದೆ. ಆ ಪಾಪದವನು ನೀರಿನೊಳಕ್ಕೇ ಪರಾರಿಯಾಗಿದ್ದ. ಅದಕ್ಕೊಂದು ವಿಷಾದದ ಸಾಲೂ ಇಲ್ಲ.

ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಮುದುಕನೊಬ್ಬನನ್ನೂ ಹುಡುಕಿಕೊಂಡು ಹೋಗಿ ಕೇಳಿದೆ. ಅವನು ನಗುತ್ತಲೇ ಹೇಳಿದ: ‘ಅದನ್ನ ನಾವು ದಿನಾ ಜೋಡಿಸ್ತಿರ್ಲಿಲ್ಲಮ್ಮ. ಆ ಸಾಲು ರೆಡಿನೇ ಇರ್ತಿತ್ತು. ದಾರ ಸುತ್ತಿ ಕಿಟಕಿ ಹತ್ರ ಇಟ್ಟಿರ್ತಿದ್ವಿ. ಆಕ್ಸಿಡೆಂಟ್ ಸುದ್ದಿ ಬಂತಾ, ಕೊನೇಲಿ ಅದನ್ನ ಕೂರಿಸೋದು. ಕೈಬರಹದಲ್ಲಿ ಇದ್ಯಾ ಇಲ್ವಾ ಅಂತ್ಲೂ ನೋಡ್ತಿರ್ಲಿಲ್ಲ.’ ನನಗೆ ಅವನ ನಗು ಸಹಿಸಲಾಗಲಿಲ್ಲ. ಟೀ ಕುಡಿದು ಹೋಗು ಎಂದ, ಕುಡಿಯದೆ ಬಂದೆ.

ಅವತ್ತು ಅಪ್ಪನಿಗೆ ಸುದ್ದಿ ಮುಟ್ಟಿದ್ದು ಕಟ್ಟಿಗೆ ಕೊಯ್ಯುವ ಜಾಗದಲ್ಲಿ. ಅಪ್ಪನೂ ಅವನ ಗೆಳೆಯನೂ ಒಂದೇ ಗರಗಸದ ಎರಡು ತುದಿ ಹಿಡಿದು ದಿಮ್ಮಿ ಕೊಯ್ಯುವವರು; ಆ ಗೆಳೆಯನನ್ನು ನಾನು ಚಿಕ್ಕಪ್ಪ ಎನ್ನುತ್ತಿದ್ದೆ. ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು. ಅಪ್ಪ ಹುಬ್ಬಿನ ಮೇಲೆಲ್ಲ ಮರದ ಪುಡಿ ಅಂಟಿಸಿಕೊಂಡೇ ಆಸ್ಪತ್ರೆಗೆ ಓಡಿಬಂದ. ನನ್ನನ್ನು ಆಗಲೇ ಒಳಗೆ ಒಯ್ದಿದ್ದರು. ಕಾಲು ಉಳಿಯುವುದೋ ಇಲ್ಲವೋ ಹೇಳಲಾಗದು ಎಂದಿದ್ದರು. ಹೊರಗಿನ ಬೆಂಚಿನ ಮೇಲೆ ಬರೀ ಬನಿಯನ್ನಿನಲ್ಲಿ ಒಬ್ಬ ಉದ್ದನೆಯ ಮನುಷ್ಯ ಕೂತಿದ್ದ. ಬನಿಯನ್ನಿನ ತುಂಬ ರಕ್ತ.

‘ಮಗೂನ ಎತ್ಕೊಂಡು ಬಂದಿದ್ದು ಇವ್ರೇ ನೋಡಿ,’ ಎಂದಳು ನರ್ಸು.

ಅಪ್ಪ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ‘ಅಣ್ಣಾ, ನೀವು ಯಾರೋ ಏನೋ. ದೇವರು ಬಂದ ಹಾಗೆ ಬಂದ್ರಿ.’

‘ಇಲ್ಲ, ನಾನು… ಆ ಲಾರಿ…’

‘ಏನೂ ಹೇಳ್ಬೇಡಿ ಅಣ್ಣ. ಕೇಳೋ ಶಕ್ತಿ ನಂಗಿಲ್ಲ. ಕೂತ್ಕೊಳ್ಳಿ.’

ಮಾವ ಕೂತ. ಅಪ್ಪ ಹೊರಗೆ ಹೋಗಿ ಟೀ ತಂದು ಅವನ ಕೈಗೆ ಕೊಟ್ಟ. ಮಾವ ಅದನ್ನು ಕುಡಿದ. ‘ಮೊದಲೇ ಹೇಳಿದ್ರೆ ಎರಡು ಏಟು ಬೀಳ್ತಿತ್ತು, ಮುಗೀತಿತ್ತು,’ ಎಂದು ಮಾವ ಆಮೇಲೆ ಎಷ್ಟೋ ಸಲ ನನ್ನ ಹತ್ತಿರ ಹೇಳಿಕೊಂಡಿದ್ದಾನೆ. ‘ಅವ್ನ ಕೈಯಿಂದ ಟೀ ಕುಡಿದ್ಮೇಲೆ ಹೇಗ್ ಹೇಳ್ಲಿ ಹೇಳು ಮಗಾ? ನಾಲಿಗೆ ಒಳಗೇ ಸೇರ್ಕೊಂಡ್ಬಿಡ್ತು.’ ಪಕ್ಕದಲ್ಲಿ ಕೂತ ಅಪ್ಪ ಅವನಿಗೆ ನನ್ನ ವಿಷಯವೆಲ್ಲ ಹೇಳುತ್ತಿದ್ದನಂತೆ. ಓಡುವುದರಲ್ಲಿ ಕ್ಲಾಸಿಗೇ ಮೊದಲು, ಒಂದು ಕಡೆ ನಿಂತ ಕಾಲಲ್ಲ ಅದು, ಎಂದೆಲ್ಲ. ಮಾವನಿಗೆ ಆ ಬೆಂಚಿನ ಮೇಲೆ ಮುಳ್ಳಿನ ಮೇಲೆ ಕೂತ ಹಾಗಾಗಿತ್ತು.

ಸಂಜೆಯಾಗುವಷ್ಟರಲ್ಲಿ ಪತ್ರಿಕೆ ಮಾರುವವನು ಆಸ್ಪತ್ರೆಯೊಳಗೇ ಬಂದ. ಅಪ್ಪ ಒಂದು ಪ್ರತಿ ಕೊಂಡ. ಅಕ್ಷರ ಕೂಡಿಸಿ ಕೂಡಿಸಿ, ದನಿ ತೆಗೆದು ಓದುವುದು ಅವನ ರೂಢಿ. ‘ಶಾಲೆಗೆ ತೆರಳುತ್ತಿದ್ದ ಬಾಲಕಿಯೊಬ್ಬಳ ಮೇಲೆ ಸೋಡಾ ಲಾರಿ ಹರಿದು ತೀವ್ರ ಗಾಯಗಳಾಗಿವೆ. ಬಾಲಕಿಯನ್ನು ಸಾರ್ವಜನಿಕರು ಆಸ್ಪತ್ರೆಗೆ ಸೇರಿಸಿದ್ದಾರೆ.’

ಅಪ್ಪನಿಗೆ ಅಂಥ ಸಂಕಟದಲ್ಲೂ ಹೆಮ್ಮೆಯಾಯಿತು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ‘ನೋಡಿ ಅಣ್ಣಾ, ನೀವೇ ಇದು. ಸಾರ್ವಜನಿಕರು!’

ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ಜಾರಿಸಿ ಓದಿದ. ‘ಚಾಲಕ ಪರಾರಿಯಾಗಿದ್ದಾನೆ.’

ಅಪ್ಪನ ಮುಖ ಕಪ್ಪಿಟ್ಟಿತು. ಪತ್ರಿಕೆಯನ್ನು ಮುದ್ದೆ ಮಾಡಿದ. ‘ಓಡಿಹೋದ್ನಾ? ನನ್ನ ಮಗೂನ ನಾಯಿ ಥರ ರಸ್ತೇಲಿ ಬಿಟ್ಟು ಓಡಿಹೋದ್ನಾ? ಸಿಗ್ಲಿ ಅಣ್ಣಾ, ಇದೇ ಕೈಯಲ್ಲಿ ಅವ್ನ ಕತ್ತು ಮುರೀತೀನಿ.’

ಮಾವ ನೀರು ಕುಡಿದು ಬರುತ್ತೇನೆ ಎಂದು ಎದ್ದ. ಗೇಟಿನವರೆಗೆ ಹೋದ. ಎದುರಿಗೇ ಬಸ್ಸುಗಳು ನಿಂತಿದ್ದವು, ಕಂಡಕ್ಟರುಗಳು ಕೂಗಿ ಕರೆಯುತ್ತಿದ್ದರು. ಅವನು ಡ್ರೈವರ್ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಓಡಿಹೋಗಿಯಾಯಿತೆಂದು ಇಡೀ ಊರೇ ಓದುತ್ತಿದೆ. ಕಾಲಿಗೆ ಬುದ್ಧಿ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಕ್ಕಲಾರದು. ‘ಒಂದು ಕಾಲು ಗೇಟಿನಾಚೆ ಇಟ್ಟೇ ಇದ್ದೆ ಮಗಾ,’ ಎನ್ನುತ್ತಿದ್ದ. ‘ಹೆಂಡ್ತಿ ಮಕ್ಕಳ ಮುಖ ಕಣ್ಮುಂದೆ ಬಂತು. ಹೋಗ್ಬಿಡು ಅಂತ್ಲೇ ಬಂತು, ಸುಳ್ಯಾಕೆ ಹೇಳ್ಲಿ. ಆದ್ರೆ ನಿನ್ನ ಕಾಲು ಉಳೀತಾ ಇಲ್ವಾ ಅಂತ ತಿಳ್ಕೊಳ್ದೆ ಹೇಗ್ ಹೋಗ್ಲಿ?’

ಅವನು ತಿರುಗಿ ಬಂದ. ಬೆಂಚಿನ ಮೇಲೆ ಕೂರದೆ ಅಪ್ಪನೆದುರು ನಿಂತ.

‘ಪೇಪರಲ್ಲಿ ಬಂದಿದ್ದು ಸುಳ್ಳು. ನಾನು ಓಡಿಹೋಗಿಲ್ಲ.’

‘ನೀವ್ಯಾಕೆ ಓಡಿಹೋಗ್ತೀರಿ ಅಣ್ಣ?’

‘ಆ ಲಾರಿ ನಂದೇ. ನಾನೇ ಡ್ರೈವರು.’

ಅಪ್ಪನಿಗೆ ಅದು ತಲೆಗೆ ಹೋಗಲು ಒಂದಿಷ್ಟು ಹೊತ್ತು ಹಿಡಿಯಿತು. ಹೋದ ಕೂಡಲೇ ಹಾರಿ ಅವನ ಕತ್ತು ಹಿಡಿದು ಗೋಡೆಗೆ ಒತ್ತಿದ. ದಿನವಿಡೀ ಗರಗಸ ಎಳೆಯುವ ಕೈ ಅದು. ಮಾವ ಕೈ ಎತ್ತಲಿಲ್ಲ, ಬಿಡಿಸಿಕೊಳ್ಳಲಿಲ್ಲ. ಕಣ್ಣು ಮೇಲಕ್ಕೆ ಹೋಗಿತ್ತು.

ಬೆಳಿಗ್ಗೆಯಿಂದ ಡ್ರೈವರನ್ನು ಹುಡುಕುತ್ತಿದ್ದ ಚಿಕ್ಕಪ್ಪ ಆಗಲೇ ಬಂದ. ಹಿಂದೆ ಕಟ್ಟಿಗೆ ಜಾಗದ ಆಳುಗಳೆಲ್ಲ ಇದ್ದರು, ಕೈಯಲ್ಲಿ ದೊಣ್ಣೆ ಹಿಡಿದು. ಚಿಕ್ಕಪ್ಪನ ಕೈಯಲ್ಲಿ ದಿಮ್ಮಿ ಎಳೆಯುವ ಕಬ್ಬಿಣದ ಕೊಕ್ಕೆ. ಅವನ ಕಣ್ಣು ಕೆಂಪಗೆ ಉರಿಯುತ್ತಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದವನು ಅವನು.

‘ಯಾರಿದು?’ ಎಂದು ಕೇಳಿದ. ‘ಇವ್ನೇನಾ? ಇವ್ನೇನಾ ಡ್ರೈವರ್?’

ಅಪ್ಪನ ಕೈ ಇನ್ನೂ ಮಾವನ ಕತ್ತಿನಲ್ಲೇ ಇತ್ತು. ಅಪ್ಪ ಕೊಕ್ಕೆಯ ಕಡೆ ನೋಡಿದ. ಚಿಕ್ಕಪ್ಪನ ಮುಖ ನೋಡಿದ. ಕತ್ತಿನಲ್ಲಿದ್ದ ಕೈಯನ್ನು ಮೆಲ್ಲಗೆ ಹೆಗಲಿಗೆ ಜಾರಿಸಿದ.

‘ಅಲ್ಲ,’ ಎಂದ. ‘ಮಗೂನ ಎತ್ಕೊಂಡು ಬಂದೋರು ಇವ್ರು. ತಲೆ ಸುತ್ತಿ ಬೀಳ್ತಿದ್ರು, ಹಿಡ್ಕೊಂಡೆ.’

‘ಮತ್ತೆ ಡ್ರೈವರ್?’

‘ಪರಾರಿ. ಪೇಪರಲ್ಲೇ ಹಾಕಿದಾರೆ, ನೋಡು.’

ನೆಲದ ಮೇಲೆ ಬಿದ್ದಿದ್ದ ಮುದ್ದೆಯನ್ನು ಚಿಕ್ಕಪ್ಪ ಎತ್ತಿ ಬಿಡಿಸಿ ಓದಿದ. ಅಚ್ಚಾದ ಮೇಲೆ ಮುಗಿಯಿತು, ಇನ್ನು ಕೇಳುವುದೇನಿದೆ. ಮಾವನ ಕಡೆ ತಿರುಗಿ, ‘ಪುಣ್ಯಾತ್ಮ ನೀವು,’ ಎಂದು ತನ್ನ ಹೆಗಲ ಮೇಲಿನ ಟವೆಲ್ಲನ್ನು ಅವನಿಗೆ ಹೊದಿಸಿದ. ಆಮೇಲೆ ಎಲ್ಲರನ್ನೂ ಕರೆದುಕೊಂಡು ಡ್ರೈವರನ್ನು ಹುಡುಕಲು ಬಸ್ ನಿಲ್ದಾಣಕ್ಕೆ ಹೋದ.

ಅವರು ಹೋದ ಮೇಲೆ ಬೆಂಚಿನ ಈ ತುದಿಯಲ್ಲಿ ಅಪ್ಪ, ಆ ತುದಿಯಲ್ಲಿ ಮಾವ. ಕೊನೆಗೆ ಡಾಕ್ಟರ್ ಹೊರಗೆ ಬಂದು, ಕಾಲು ಉಳಿಯಿತು, ಅಂಗಿ ಅಷ್ಟು ಬಿಗಿಯಾಗಿ ಕಟ್ಟಿರದಿದ್ದರೆ ಮಗುವೇ ಉಳಿಯುತ್ತಿರಲಿಲ್ಲ ಎಂದರು. ಅಪ್ಪ ಅತ್ತ. ಅತ್ತು ಮುಗಿಸಿ ಮಾವನಿಗೆ ಹೇಳಿದ್ದು ಇಷ್ಟೇ: ‘ನೀನಾಗೇ ಸ್ಟೇಷನ್ನಿಗೆ ಹೋಗು. ಹಿಡಿಯೋವರ್ಗೂ ಕಾಯ್ಬೇಡ.’

ಮಾರನೆಯ ಬೆಳಿಗ್ಗೆ ಮಾವ ಹೋದ. ಠಾಣೆಯವರಿಗೆ ಇದೊಂದು ತಲೆನೋವಾಯಿತು. ಡ್ರೈವರ್ ಇಲ್ಲ ಎಂದು ಹೇಳಿದ್ದು ಅವರೇ, ಪರಾರಿ ಎಂದು ಅಚ್ಚಾಗಿದೆ, ಮೇಲಿನವರೂ ಓದಿದ್ದಾರೆ. ಪರಾರಿಯಾದವನು ತಾನಾಗಿ ನಡೆದುಕೊಂಡು ಬಂದು ಬಾಗಿಲು ತಟ್ಟಿದರೆ ಹೇಗೆ? ಪರಾರಿಯಾದವನನ್ನು ಹಿಡಿಯಬೇಕು. ಹಾಗಾಗಿ ಅವನು ಬಸ್ ನಿಲ್ದಾಣದ ಬಳಿ ಸುಳಿದಾಡುತ್ತಿದ್ದಾಗ ಹಿಡಿದೆವು ಎಂದು ಬರೆದರು. ಸಂಜೆ ಪತ್ರಿಕೆಯಲ್ಲಿ ‘ತಲೆಮರೆಸಿಕೊಂಡಿದ್ದ ಚಾಲಕನ ಬಂಧನ’ ಎಂದು ಬಂತು. ಅದನ್ನು ನೋಡಿ ಚಿಕ್ಕಪ್ಪ ನಮ್ಮ ಮನೆಗೆ ಬಂದು, ಸಿಕ್ಕಿಬಿದ್ದ ಕಳ್ಳ, ಎಂದು ಖುಷಿಪಟ್ಟ. ಅಪ್ಪ ತಲೆ ಬಗ್ಗಿಸಿಕೊಂಡು ಕೂತಿದ್ದ.

ನಾನು ಕಂಕುಳಿಗೆ ಕೋಲು ಇಟ್ಟುಕೊಂಡು ನಡೆಯಲು ಕಲಿಯುವ ಹೊತ್ತಿಗೆ ಕೇಸು ವಿಚಾರಣೆಗೆ ಬಂತು. ಮಗು ರಸ್ತೆಗೆ ನುಗ್ಗಿದ್ದನ್ನು, ರಸ್ತೆಯ ಮೇಲೆ ನೀರಿದ್ದುದನ್ನು ಟ್ಯಾಂಕರಿನವನೇ ಹೇಳಿದ್ದ. ಗಾಡಿ ಗುದ್ದಿದ್ದಕ್ಕೆ ದಂಡ ಹಾಕಿ ಬಿಡುತ್ತಾರೆ ಎಂದು ಮಾವನ ವಕೀಲ ಧೈರ್ಯ ಕೊಟ್ಟಿದ್ದ. ಉಳಿದದ್ದು ಪರಾರಿಯ ಆರೋಪ. ಮಗುವನ್ನು ಬಿಟ್ಟು ಓಡಿದ್ದ ಎಂದು ಸಾಬೀತಾದರೆ ಜೈಲು, ಜೊತೆಗೆ ಲೈಸೆನ್ಸ್ ಶಾಶ್ವತವಾಗಿ ರದ್ದು. ಆಸ್ಪತ್ರೆಯ ಚೀಟಿಯಲ್ಲೂ ‘ಸಾರ್ವಜನಿಕರು’ ಎಂದೇ ಇತ್ತು. ನರ್ಸು ವರ್ಗವಾಗಿ ಎಲ್ಲಿಗೋ ಹೋಗಿದ್ದಳು. ಆಟೋದವನು ಯಾರೆಂದು ಪತ್ತೆಯೇ ಆಗಲಿಲ್ಲ. ಮಾವನ ಹೆಂಡತಿ ಕೋರ್ಟಿನ ಹೊರಗೆ ಮಕ್ಕಳನ್ನು ತಬ್ಬಿಕೊಂಡು ಕೂತಿದ್ದಳು. ಮಾವನ ಪಾಲಿಗೆ ಇದ್ದದ್ದು ಅಪ್ಪ ಒಬ್ಬನೇ.

ಆದರೆ ಸರ್ಕಾರಿ ವಕೀಲ ಮೊದಲು ಕರೆದದ್ದು ಚಿಕ್ಕಪ್ಪನನ್ನು.

‘ಅವತ್ತು ಆಸ್ಪತ್ರೆಯಲ್ಲಿ ಡ್ರೈವರ್ ಬಗ್ಗೆ ವಿಚಾರಿಸಿದಿರಾ?’

‘ವಿಚಾರಿಸಿದೆ ಸ್ವಾಮಿ. ಮಗೂನ ಅಪ್ಪನೇ ಹೇಳಿದ. ಡ್ರೈವರ್ ಪರಾರಿ ಅಂದ.’

‘ಮಗುವಿನ ತಂದೆಯೇ?’

‘ಹೌದು ಸ್ವಾಮಿ. ನನ್ನ ಮುಖ ನೋಡ್ಕೊಂಡೇ ಹೇಳಿದ.’

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಟಕಟೆಯಲ್ಲಿದ್ದ ಮಾವನ ಕತ್ತು ಇನ್ನಷ್ಟು ಬಾಗಿತು. ಅವತ್ತು ರಕ್ತದ ಬನಿಯನ್ನಿನಲ್ಲಿ ಒಂದೇ ಸಲ ಕಂಡಿದ್ದ, ಈಗ ದೂರದಲ್ಲಿ ನಿಂತ ಮನುಷ್ಯನನ್ನು, ಅದೂ ಮೈತುಂಬ ಬಟ್ಟೆ ತೊಟ್ಟವನನ್ನು, ಚಿಕ್ಕಪ್ಪನಿಗೆ ಗುರುತು ಹಿಡಿಯಲು ಆಗಿರಲಿಲ್ಲ. ನಾನು ಅಪ್ಪನ ಅಂಗಿಯ ತುದಿ ಹಿಡಿದಿದ್ದೆ. ಅಪ್ಪ ಅದನ್ನು ಬಿಡಿಸಿಕೊಂಡು ಎದ್ದ.

‘ನೀವು ಹಾಗೆ ಹೇಳಿದ್ದು ನಿಜವೇ?’ ಎಂದು ನ್ಯಾಯಾಧೀಶರು ಕೇಳಿದರು.

‘ನಿಜ ಸ್ವಾಮಿ. ಹೇಳಿದ್ದು ನಿಜ, ಆದ್ರೆ ಹೇಳಿದ್ದು ಸುಳ್ಳು. ಡ್ರೈವರ್ ನನ್ನ ಕೈಯಳತೇಲೇ ನಿಂತಿದ್ದ. ಬೆಳಿಗ್ಗೆಯಿಂದ ಅಲ್ಲೇ ಇದ್ದ. ಮಗೂನ ತಂದೋನೂ ಅವ್ನೇ.’

ಚಿಕ್ಕಪ್ಪ ಕೂತಲ್ಲಿಂದ ಎದ್ದುನಿಂತ. ಪೇದೆ ಅವನನ್ನು ಹೆಗಲು ಹಿಡಿದು ಕೂರಿಸಿದ.

‘ನಿಮ್ಮ ಮಗಳ ಮೇಲೆ ಲಾರಿ ಹತ್ತಿಸಿದವನನ್ನು ಉಳಿಸಲು ಸುಳ್ಳು ಹೇಳಿದಿರಾ?’

‘ಅವ್ನನ್ನ ಉಳ್ಸೋಕಲ್ಲ ಸ್ವಾಮಿ. ಆವಾಗ ಅವ್ನು ಸಾಯ್ಲಿ ಅಂತ್ಲೇ ಇತ್ತು ನನ್ನ ಮನಸ್ಸಲ್ಲಿ. ನಾನೇ ಕತ್ತು ಹಿಡಿದಿದ್ದೆ. ಆದ್ರೆ ಅಲ್ಲಿ ಕೂತಿದಾನಲ್ಲ, ಅವ್ನ ಕೈಯಲ್ಲಿ ಕಬ್ಬಿಣದ ಕೊಕ್ಕೆ ಇತ್ತು. ನನ್ನ ತಮ್ಮ ಇದ್ದ ಹಾಗೆ ಸ್ವಾಮಿ ಅವ್ನು. ನಾನು ಹೌದು, ಇವ್ನೇ ಅಂದಿದ್ರೆ ಇವತ್ತು ಆ ಕಟಕಟೇಲಿ ಅವ್ನು ನಿಂತಿರ್ತಿದ್ದ. ನನ್ನ ಮಗಳ ಕಾಲಿಗೋಸ್ಕರ ಅವ್ನು ಕೊಲೆಗಾರ ಆಗೋದು ಬೇಡ ಅನ್ನಿಸ್ತು. ಪೇಪರಲ್ಲಿ ಹೇಗೂ ಪರಾರಿ ಅಂತ ಇತ್ತು. ಅದನ್ನೇ ಅಂದುಬಿಟ್ಟೆ.’

ನ್ಯಾಯಾಧೀಶರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಗುದ್ದಿದ್ದಕ್ಕೆ ದಂಡ ಹಾಕಿದರು, ಓಡಿದ ಆರೋಪವನ್ನು ತೆಗೆದುಹಾಕಿದರು. ಅದಕ್ಕೂ ಪತ್ರಿಕೆಯವರು ‘ಪರಾರಿಯಾಗಿದ್ದ ಚಾಲಕ ಖುಲಾಸೆ’ ಎಂದೇ ಬರೆದರು. ಅವರ ಬುದ್ಧಿಗೆ ನಾನೇನು ಹೇಳಲಿ, ಬಿಡಿ. ಆ ಸಾಲಿನಿಂದಾಗಿಯೇ ಮಾವನನ್ನು ಓಣಿಯ ಜನ ಸಾಯುವವರೆಗೂ ‘ಪರಾರಿ’ ಎಂದೇ ಕರೆದರು.

ಅವರು ಬರೆಯದೇ ಬಿಟ್ಟದ್ದು ಕೋರ್ಟಿನ ಮೆಟ್ಟಿಲ ಮೇಲೆ ನಡೆಯಿತು. ನಾವು ಹೊರಗೆ ಬಂದಾಗ ಚಿಕ್ಕಪ್ಪ ಅಲ್ಲಿ ಒಬ್ಬನೇ ಕೂತಿದ್ದ. ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಅಪ್ಪ ಹೆದರಿ ಹೆದರಿ ಹತ್ತಿರ ಹೋದ, ಇನ್ನು ಇವನು ತನ್ನ ಗರಗಸದ ಆ ತುದಿ ಹಿಡಿಯುವುದಿಲ್ಲ ಎಂದುಕೊಂಡು. ಚಿಕ್ಕಪ್ಪ ಅಪ್ಪನನ್ನು ನೋಡಲಿಲ್ಲ. ಹಿಂದೆ ನಿಂತಿದ್ದ ಮಾವನನ್ನು ನೋಡಿದ.

‘ಹೊಡೆದೇ ಬಿಡ್ತಿದ್ದೆ,’ ಎಂದ. ‘ಗೊತ್ತಾ ನಿಂಗೆ? ಇವ್ನು ಹೌದು ಅಂದಿದ್ರೆ ಇನ್ನೊಂದ್ ಮಾತು ಕೇಳ್ತಿರ್ಲಿಲ್ಲ. ತಲೆಗೇ ಹೊಡೀತಿದ್ದೆ.’

‘ಗೊತ್ತು,’ ಎಂದ ಮಾವ.

‘ಮಗೂನ ತಂದೋನ್ನೇ ಹೊಡೆದುಹಾಕ್ತಿದ್ದೆ.’ ಚಿಕ್ಕಪ್ಪ ಮೊಣಕಾಲಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅಳತೊಡಗಿದ. ಅಷ್ಟು ದೊಡ್ಡ ಮನುಷ್ಯ ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಾವ ಅವನ ಪಕ್ಕ ಕೂತು ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅಪ್ಪ ಇನ್ನೊಂದು ಪಕ್ಕ ಕೂತ. ನನ್ನ ಕಾಲು ನೋಯುತ್ತಿತ್ತು, ಕೋಲನ್ನು ಒರಗಿಸಿ ನಾನೂ ಕೂತೆ. ಜವಾನ ಬಂದು ಓಡಾಡುವವರಿಗೆ ದಾರಿ ಬಿಡಿ ಎಂದು ಗದರಿದ. ನಾವು ಒಂದಿಷ್ಟು ಸರಿದು ಕೂತೆವು, ಯಾರೂ ಏಳಲಿಲ್ಲ.